ಕಿತ್ತಳೆ ಸೋಫಾದ ಕಾಲಾಳುಗಳು

ಸುತ್ತ ಇಟ್ಟಿಗೆಯ ತಗ್ಗು ಕಟ್ಟಡಗಳು, ನಡುವೆ ಹುಲ್ಲು ಸತ್ತ ಅಂಗಳ, ಅಂಗಳದಲ್ಲಿ ಯಾರದೋ ಮನೆಯಿಂದ ಹೊರಬಿದ್ದ ಕಿತ್ತಳೆ ಬಣ್ಣದ ಹಳೆಯ ಸೋಫಾ. ಅದರ ತೋಳಿನ ಮೇಲೆ, ಒರಗಿನ ಮೇಲೆ ಹುಡುಗರು ಕೂತಿದ್ದಾರೆ. ಮೊದಲ ನೋಟಕ್ಕೆ ಕೆಲಸವಿಲ್ಲದೆ ಹರಟುತ್ತಿರುವವರಂತೆ ಕಾಣುತ್ತಾರೆ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಅಲ್ಲೊಂದು ಅಂಗಡಿ ನಡೆಯುತ್ತಿರುವುದು ಗೊತ್ತಾಗುತ್ತದೆ. ನಡುಗುತ್ತ ಬಂದ ಗಿರಾಕಿಯ ಕೈಯಿಂದ ಒಬ್ಬ ದುಡ್ಡು ಪಡೆಯುತ್ತಾನೆ. ಅವನ ಬಳಿ ಮಾಲಿಲ್ಲ. ಎಷ್ಟು ಬೇಕೆಂದು ಬೆರಳಿನಲ್ಲಿ ಸನ್ನೆ ಮಾಡುವವನು ಇನ್ನೊಬ್ಬ. ಗೋಡೆಯ ಸಂದಿಯಿಂದ ಓಡಿ ಬಂದು ಪುಟ್ಟ ಸೀಸೆಯನ್ನು ಕೈಗಿಟ್ಟು ಹೋಗುವವನು ಮೂರನೆಯವನು, ಇನ್ನೂ ಮೀಸೆ ಮೂಡದ ಹುಡುಗ. ದುಡ್ಡು ಮತ್ತು ಮಾಲು ಒಂದೇ ಕೈಯಲ್ಲಿ ಕೂಡಬಾರದು. ಕೂಡಿದರೆ ಪೊಲೀಸರಿಗೆ ಮೊಕದ್ದಮೆ ಸಿಕ್ಕಿದಂತೆ. ಅಂಗಳದ ಅಂಚಿನಲ್ಲಿ ಒಂದು ಪೇಫೋನ್ ಇದೆ. ಮೇಲಿನವರ ಅಪ್ಪಣೆ ಬರುವುದು ಅದರ ಮೂಲಕ.

ಸೋಫಾದ ಮೇಲೆ ಬೋಡಿ ಮತ್ತು ವಾಲೆಸ್ ಎಂಬ ಇಬ್ಬರು ಹುಡುಗರು ಚದುರಂಗದ ಕಾಯಿಗಳನ್ನಿಟ್ಟುಕೊಂಡು ಬೇರಾವುದೋ ಸುಲಭದ ಆಟ ಆಡುತ್ತಿದ್ದಾರೆ. ಈ ಅಂಗಳದ ಮೇಲ್ವಿಚಾರಕ ಡಿಏಂಜೆಲೊಗೆ ಅದನ್ನು ನೋಡಲಾಗುವುದಿಲ್ಲ. ಪಕ್ಕಕ್ಕೆ ಬಂದು ಕೂತು ಒಂದೊಂದೇ ಕಾಯಿಯನ್ನು ಎತ್ತಿ ತೋರಿಸುತ್ತಾನೆ. ಈ ರಾಜನೆಂದರೆ ನಮ್ಮ ದೊಡ್ಡವರು, ಹೆಚ್ಚು ಓಡಾಡುವುದಿಲ್ಲ, ಎಲ್ಲರೂ ಸೇರಿ ಅವರನ್ನು ಕಾಯಬೇಕು. ಈ ಮಂತ್ರಿ ಎತ್ತ ಬೇಕಾದರೂ ನುಗ್ಗುತ್ತಾನೆ, ಕೆಲಸ ಆಗುವುದೆಲ್ಲ ಅವನಿಂದಲೇ. ಇವರು ಕಾಲಾಳುಗಳು, ಎಲ್ಲರಿಗಿಂತ ಮುಂದೆ ನಿಂತು ಎಲ್ಲರಿಗಿಂತ ಮೊದಲು ಬೀಳುವವರು. ಕಾಲಾಳು ಆ ತುದಿ ಮುಟ್ಟಿದರೆ ದೊಡ್ಡವನಾಗುತ್ತಾನಲ್ಲವೇ ಎಂದು ಬೋಡಿ ಕೇಳುತ್ತಾನೆ. ಅಲ್ಲಿಯವರೆಗೆ ಉಳಿಯುವವರು ಕಡಿಮೆ ಎನ್ನುತ್ತಾನೆ ಡಿಏಂಜೆಲೊ. ಬುದ್ಧಿವಂತ ಕಾಲಾಳಾದರೆ ಉಳಿಯುತ್ತಾನೆ ಎಂಬ ಉತ್ತರ ಬೋಡಿಯ ನಾಲಿಗೆಯ ತುದಿಯಲ್ಲೇ ಇದೆ. ಆ ವಯಸ್ಸಿನ ಸೊಕ್ಕಿನಿಂದ ಆಡಿದ ಮಾತು. ಅದರ ಹಿಂದೆ ಎಷ್ಟು ದೂರ ನಡೆಯಬೇಕಾಗುತ್ತದೆ ಎಂಬುದು ನೋಡುವವರಿಗೆ ಆಗ ತಿಳಿದಿರುವುದಿಲ್ಲ.

‘ದ ವೈರ್’ ಎಂಬ ಈ ಅಮೆರಿಕನ್ ಧಾರಾವಾಹಿ ಎಚ್‌ಬಿಒ ವಾಹಿನಿಯಲ್ಲಿ 2002ರ ಜೂನ್‌ನಲ್ಲಿ ಶುರುವಾಗಿ 2008ರ ಮಾರ್ಚ್‌ನಲ್ಲಿ ಮುಗಿಯಿತು. ಐದು ಸೀಸನ್, 60 ಕಂತು. ಕತೆ ನಡೆಯುವುದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ. 1950ರಲ್ಲಿ ಒಂಬತ್ತೂವರೆ ಲಕ್ಷದಷ್ಟು ಜನರಿದ್ದ ಬಂದರು ನಗರವದು. ಉಕ್ಕಿನ ಕೆಲಸ ಹೋಯಿತು, ಹಡಗಿನ ಕೆಲಸ ಕುಗ್ಗಿತು, 2020ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಆರು ಲಕ್ಷಕ್ಕಿಂತ ಕೆಳಗಿಳಿದಿತ್ತು. ಹೋದವರ ಮನೆಗಳು ಉಳಿದಿವೆ. ಒಂದಕ್ಕೊಂದು ಗೋಡೆ ಹಂಚಿಕೊಂಡ ಕೆಂಪು ಇಟ್ಟಿಗೆಯ ಸಾಲುಮನೆಗಳು, ಬಾಗಿಲ ಮುಂದೆ ಬಿಳಿಯ ಅಮೃತಶಿಲೆಯ ಮೆಟ್ಟಿಲು, ಬಾಗಿಲು ಕಿಟಕಿಗಳಿಗೆ ಪ್ಲೈವುಡ್ ಹೊಡೆದ ಮುಚ್ಚಿಗೆ. ಧಾರಾವಾಹಿಯನ್ನು ರೂಪಿಸಿದ ಡೇವಿಡ್ ಸೈಮನ್ ಈ ಬೀದಿಗಳಲ್ಲಿ ‘ಬಾಲ್ಟಿಮೋರ್ ಸನ್’ ಪತ್ರಿಕೆಯ ಅಪರಾಧ ವರದಿಗಾರನಾಗಿ ಹತ್ತು ವರ್ಷಕ್ಕೂ ಮಿಕ್ಕಿ ಅಲೆದವರು. ಜೊತೆಗೆ ಬರೆದ ಎಡ್ ಬರ್ನ್ಸ್ ಅದೇ ಊರಿನ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿದ್ದು, ನಿವೃತ್ತಿಯ ಬಳಿಕ ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವರು. ಕೇಳಿದ್ದು, ಕಂಡದ್ದು, ಸಹಿಸಿದ್ದು ಎಲ್ಲವೂ ಇಲ್ಲಿದೆ. ಬರ್ನ್ಸ್ 1984ರಲ್ಲಿ ಹಿಡಿದು ಜೈಲಿಗೆ ಕಳಿಸಿದ ಮಾದಕದ್ರವ್ಯದ ದೊರೆ ಮೆಲ್ವಿನ್ ವಿಲಿಯಮ್ಸ್, ಜೈಲಿನಿಂದ ಹೊರಬಂದ ಮೇಲೆ ಈ ಧಾರಾವಾಹಿಯಲ್ಲೇ ಚರ್ಚಿನ ಹಿರಿಯನ ಪಾತ್ರ ಮಾಡಿದ.

ಇನ್ನೊಂದು ಕಡೆ ನೋಡಿ. ಪೊಲೀಸರ ನೆಲಮಾಳಿಗೆ. ತುಕ್ಕು ಹಿಡಿದ ಕೊಳವೆಗಳು, ಹಸಿ ಗೋಡೆ, ಬೆಳಕು ಸಾಲದ ಕೋಣೆ. ಬಾಗಿಲಲ್ಲಿ ಒಂದು ದೊಡ್ಡ ಮೇಜು ಸಿಕ್ಕಿಕೊಂಡಿದೆ. ಒಳಗಿನಿಂದ ಇಬ್ಬರು ತಳ್ಳುತ್ತಿದ್ದಾರೆ, ಹೊರಗಿನಿಂದ ಇಬ್ಬರು ತಳ್ಳುತ್ತಿದ್ದಾರೆ. ಬಂದವರೆಲ್ಲ ಕೈ ಹಚ್ಚುತ್ತಾರೆ, ಮೇಜು ಕದಲುವುದಿಲ್ಲ. ಬೆವರಿ ಕುಸಿದ ಮೇಲೆ ಒಬ್ಬನಿಗೆ ಅರಿವಾಗುತ್ತದೆ: ಕೆಲವರು ಅದನ್ನು ಒಳಗೆ ತರುತ್ತಿದ್ದಾರೆ, ಕೆಲವರು ಹೊರಗೆ ಹಾಕುತ್ತಿದ್ದಾರೆ. ಆ ಅಂಗಳವನ್ನು ನಡೆಸುವ ಬಾರ್ಕ್ಸ್‌ಡೇಲ್ ಗ್ಯಾಂಗನ್ನು ಹಿಡಿಯಲು ಇಲಾಖೆ ಕಟ್ಟಿದ ವಿಶೇಷ ತಂಡ ಇದು. ನ್ಯಾಯಾಧೀಶರೊಬ್ಬರ ಒತ್ತಾಯಕ್ಕೆ ಮಣಿದು ಮಾಡಿದ ತಂಡವಾದ್ದರಿಂದ ಪ್ರತಿ ಠಾಣೆಯೂ ತನಗೆ ಬೇಡದವರನ್ನು ಇಲ್ಲಿಗೆ ಅಟ್ಟಿದೆ.

ಹಾಗೆ ಬಂದವರಲ್ಲಿ ಒಬ್ಬ ಲೆಸ್ಟರ್ ಫ್ರೀಮನ್. ಮೂಲೆಯಲ್ಲಿ ಕೂತು ಬೊಂಬೆಮನೆಗೆ ಬೇಕಾದ ಪುಟಾಣಿ ಕುರ್ಚಿ ಮಂಚಗಳಿಗೆ ಬಣ್ಣ ಹಚ್ಚುತ್ತಿರುತ್ತಾನೆ. ಹಿಂದೊಮ್ಮೆ ದೊಡ್ಡ ಮನೆತನದ ಹುಡುಗನೊಬ್ಬನನ್ನು ಬಿಟ್ಟುಬಿಡು ಎಂದಾಗ ಬಿಡದೆ ಹೋದದ್ದಕ್ಕೆ, ಗಿರವಿ ಅಂಗಡಿಗಳ ಲೆಕ್ಕ ನೋಡುವ ವಿಭಾಗದಲ್ಲಿ 13 ವರ್ಷ 4 ತಿಂಗಳು ಕೊಳೆತವನು. ನಟ ಕ್ಲಾರ್ಕ್ ಪೀಟರ್ಸ್ ಈ ಪಾತ್ರಕ್ಕೆ ಕೊಟ್ಟ ನಿಧಾನದ ಘನತೆಯನ್ನು ನಾನು ಮರೆಯಲಾರೆ. ಮೀಟಿಂಗಿನಲ್ಲಿ ಎಲ್ಲರೂ ಗ್ಯಾಂಗಿನ ಒಡೆಯ ಏವನ್‌ನ ಮುಖ ನೋಡಿದವರಿಲ್ಲವೆಂದು ತಲೆ ಕೆರೆದುಕೊಳ್ಳುವಾಗ, ಫ್ರೀಮನ್ ಸದ್ದಿಲ್ಲದೆ ಎದ್ದು ಹೋಗಿ, ಏವನ್ ಹುಡುಗನಾಗಿದ್ದಾಗಿನ ಬಾಕ್ಸಿಂಗ್ ಪಂದ್ಯದ ಪೋಸ್ಟರ್ ಒಂದನ್ನು ಕಿತ್ತು ತಂದು ಗೋಡೆಗೆ ಅಂಟಿಸುತ್ತಾನೆ.

ಮತ್ತೊಬ್ಬ ಪ್ರೆಜ್. ಕುಡಿದು ರಾತ್ರಿ ಎರಡು ಗಂಟೆಗೆ ಬಡವರ ಗೋಪುರ ಕಟ್ಟಡಗಳ ಕೆಳಗೆ ಹೋಗಿ, ಎದುರು ಮಾತಾಡಿದ 14ರ ಹುಡುಗನ ಮುಖಕ್ಕೆ ಪಿಸ್ತೂಲಿನ ಹಿಡಿಯಿಂದ ಹೊಡೆಯುತ್ತಾನೆ. ಹುಡುಗನ ಒಂದು ಕಣ್ಣು ಹೋಗುತ್ತದೆ. ತಂಡದ ಮುಖ್ಯಸ್ಥ ಸೆಡ್ರಿಕ್ ಡೇನಿಯಲ್ಸ್ ನೆಟ್ಟಗೆ ನಿಂತು ಮಾತಾಡುವ, ಮೇಲಿನವರ ಮುಂದೆಯೂ ಬಾಗದ ಅಧಿಕಾರಿ. ಆ ರಾತ್ರಿ ಪ್ರೆಜ್‌ನನ್ನು ಪಕ್ಕಕ್ಕೆ ಕರೆದು, ವಿಚಾರಣೆಯಲ್ಲಿ ಯಾವ ಸುಳ್ಳನ್ನು ಹೇಗೆ ಹೇಳಬೇಕೆಂದು ಪದಪದವಾಗಿ ಕಲಿಸುವವನೂ ಅವನೇ. ತನ್ನ ಕೈಕೆಳಗಿನವನನ್ನು ಬಿಟ್ಟುಕೊಡಬಾರದು ಎಂಬ ನಿಯತ್ತು ಅದು. ಆ ನಿಯತ್ತಿನ ಬೆಲೆ ಒಂದು ಮಗುವಿನ ಕಣ್ಣು. ಡೇನಿಯಲ್ಸ್‌ನ ಹಿಂದೆಯೂ ಒಂದು ಕಡತವಿದೆ. ಹಳೆಯ ಠಾಣೆಯಲ್ಲಿದ್ದಾಗ ಸೇರಿದ, ಲೆಕ್ಕಕ್ಕೆ ಸಿಗದ ದುಡ್ಡಿನ ಕಡತ. ಅದನ್ನು ಮೇಲಧಿಕಾರಿ ಬರೆಲ್ ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದಾನೆ, ಬೇಕಾದಾಗ ತೆಗೆಯಲು.

ಬಂದೂಕು ಕಿತ್ತುಕೊಂಡು ಮೇಜಿಗೆ ಕೂರಿಸಿದ ಮೇಲೆ ಪ್ರೆಜ್‌ನ ಇನ್ನೊಂದು ಮುಖ ಕಾಣುತ್ತದೆ. ಗ್ಯಾಂಗಿನವರ ಪೇಜರ್‌ಗಳಿಗೆ ಬರುತ್ತಿದ್ದ ಸಂಖ್ಯೆಗಳು ಯಾವ ಫೋನಿನವೂ ಅಲ್ಲ. ಕೀಲಿಮಣೆಯ ನಡುವಿನ 5ನ್ನು ಹಾರಿ ಎದುರಿನ ಅಂಕಿಗೆ ಹೋದರೆ ನಿಜವಾದ ಸಂಖ್ಯೆ ಸಿಗುತ್ತದೆಂದು ಕಂಡುಹಿಡಿಯುವವನು ಅವನು. 1 ಇದ್ದಲ್ಲಿ 9, 2 ಇದ್ದಲ್ಲಿ 8. ಶಾಲೆ ಬಿಟ್ಟ ಹುಡುಗರು ಲೆಕ್ಕ ಹಾಕದೆ, ಬೆರಳ ನೆನಪಿನಿಂದಲೇ ಒತ್ತಬಹುದಾದ ಗುಟ್ಟು. ಕದ್ದಾಲಿಕೆಗೆ ನ್ಯಾಯಾಲಯದ ಅನುಮತಿ ಸಿಕ್ಕ ಮೇಲೂ ಕಟ್ಟುಪಾಡು ಬಿಗಿ. ಪೇಫೋನ್ ಹಿಡಿದವನು ಗ್ಯಾಂಗಿನವನೇ ಎಂದು ಎದುರಿನ ಮಾಳಿಗೆಯಿಂದ ಯಾರಾದರೂ ಕಣ್ಣಾರೆ ನೋಡಿ ಹೇಳಬೇಕು. ಬಿಸಿಲಲ್ಲಿ ದುರ್ಬೀನು ಹಿಡಿದು ಮಲಗಿರುವುದೇ ಅರ್ಧ ಪತ್ತೇದಾರಿ. ಗುಂಡಿನ ಚಕಮಕಿಗೆ ಕಾದವರಿಗೆ ಇದು ಬೇಸರ ತರಬಹುದು. ನನಗೆ ಮಾತ್ರ ದುಡಿಮೆಯನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಪೊಲೀಸ್ ಕತೆ ಬೇರೆ ಗೊತ್ತಿಲ್ಲ.

ಆ ಪ್ರೀತಿಗೆ ಸಾಕ್ಷಿಯಾಗಿ ಒಂದು ಅಡುಗೆಮನೆ. ತಿಂಗಳುಗಳ ಹಿಂದೆ ಅಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯಾಗಿದೆ. ಪತ್ತೇದಾರರಾದ ಮೆಕ್‌ನಲ್ಟಿ ಮತ್ತು ಬಂಕ್ ಹಳೆಯ ಫೋಟೋಗಳನ್ನು ನೆಲದ ಮೇಲೆ ಹರಡಿ, ಟೇಪು ಹಿಡಿದು ಅಳೆಯುತ್ತಾರೆ. ಗುಂಡು ಯಾವ ಕಡೆಯಿಂದ ಬಂತು, ಎಷ್ಟು ಎತ್ತರದಿಂದ? ಕಿಟಕಿಯ ಗಾಜು ಏಕೆ ಒಳಗೆ ಬಿದ್ದಿದೆ? ಇಡೀ ದೃಶ್ಯದಲ್ಲಿ ಇಬ್ಬರ ಬಾಯಲ್ಲೂ ಒಂದೇ ಒಂದು ಬೈಗುಳ. ಅದೇ ಪದ ಅನುಮಾನವಾಗಿ, ನೋವಾಗಿ, ಬೆರಗಾಗಿ ಬರುತ್ತದೆ. ಕೊನೆಗೆ ಫ್ರಿಜ್ಜಿನ ಬಾಗಿಲಿನಲ್ಲಿ ಹುದುಗಿದ ಗುಂಡು ಇಕ್ಕುಳಕ್ಕೆ ಸಿಗುತ್ತದೆ, ಕಿಟಕಿಯ ಹೊರಗೆ ಹುಲ್ಲಿನಲ್ಲಿ ಅದರ ತೋಟೆ.

ತಂಡ ಚೆನ್ನಾಗಿ ಕೆಲಸ ಮಾಡಿದಂತೆಲ್ಲ ಮೇಲಿನವರಿಗೆ ಕಸಿವಿಸಿ. ಬಡವರ ಕಟ್ಟಡದಿಂದ ನಗದಿನ ಚೀಲ ಹೊತ್ತು ಹೊರಟ ಕಾರನ್ನು ಹಿಡಿದು ನೋಡಿದರೆ, ಚಾಲಕ ರಾಜ್ಯ ಸೆನೆಟರ್ ಕ್ಲೇ ಡೇವಿಸ್‌ನ ಕಡೆಯವನು. ದುಡ್ಡು ವಾಪಸು ಕೊಟ್ಟು ಬಿಟ್ಟುಬಿಡಿ ಎಂದು ಬರೆಲ್‌ನ ಆಜ್ಞೆ ಬರುತ್ತದೆ. ಪುಡಿಯ ಜಾಡು ಹಿಡಿದು ಹೋದರೆ ಪುಡಿ ಮಾರುವವರು ಸಿಗುತ್ತಾರೆ, ದುಡ್ಡಿನ ಜಾಡು ಹಿಡಿದು ಹೋದರೆ ಯಾರು ಸಿಗುತ್ತಾರೋ ಹೇಳಲಾಗದು ಎಂಬುದು ಫ್ರೀಮನ್ ಕಂಡ ಸತ್ಯ.

ಇತ್ತ ಅಂಗಳದ ಹಿಂದೆ, ಪಾಳು ಮನೆಯೊಂದರಲ್ಲಿ ಬೆಳಗಾಗಿದೆ. ಪಕ್ಕದ ಕಟ್ಟಡದಿಂದ ಎಳೆದ ತಂತಿಯಲ್ಲಿ ದೀಪ ಉರಿಯುತ್ತಿದೆ. ನೆಲದ ಮೇಲೆ ಮಲಗಿದ ಐದಾರು ಚಿಕ್ಕ ಮಕ್ಕಳನ್ನು ವಾಲೆಸ್ ಎಬ್ಬಿಸಿ, ಒಬ್ಬೊಬ್ಬರ ಕೈಗೂ ಹಣ್ಣಿನ ರಸದ ಡಬ್ಬಿ ಮತ್ತು ಚಿಪ್ಸ್ ಪೊಟ್ಟಣ ಕೊಟ್ಟು ಶಾಲೆಗೆ ಹೊರಡಿಸುತ್ತಾನೆ. ಅವನಿಗೇ ಇನ್ನೂ 16. ಗ್ಯಾಂಗಿನ ಮಾಲು ದೋಚಿದವರಲ್ಲಿ ಒಬ್ಬನನ್ನು ಗುರುತಿಸಿ ಫೋನ್ ಮಾಡಿಸಿದವನೂ ಈ ವಾಲೆಸ್. ಮಾರನೆಯ ದಿನ ಕಿಟಕಿಯ ಕೆಳಗೆ, ಕಾರಿನ ಮೇಲೆ ಚಾಚಿಬಿದ್ದ ಆ ಹುಡುಗನ ಹಿಂಸೆಗೊಂಡ ಹೆಣ ನೋಡಿದ ಮೇಲೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಪೊಲೀಸರ ಬಳಿ ಬಾಯಿಬಿಡುತ್ತಾನೆ, ಹಳ್ಳಿಯ ಅಜ್ಜಿಯ ಮನೆಗೆ ಹೋಗುತ್ತಾನೆ, ಗೆಳೆಯರಿಲ್ಲದೆ ಇರಲಾರದೆ ಮರಳಿ ಬರುತ್ತಾನೆ. ಅವನನ್ನು ಮುಗಿಸಲು ಬರುವವರು ಬೋಡಿ ಮತ್ತು ಪೂಟ್, ಅದೇ ಸೋಫಾದ ಗೆಳೆಯರು. ಬೋಡಿಯ ಕೈ ನಡುಗುತ್ತದೆ. ಮೊದಲ ಗುಂಡು ಹಾರಿಸಿ ನಿಂತುಬಿಡುತ್ತಾನೆ, ಉಳಿದದ್ದನ್ನು ಪೂಟ್ ಮುಗಿಸುತ್ತಾನೆ. ಗೋಡೆಗೆ ಒರಗಿ, ಹೆದರಿ ಉಚ್ಚೆ ಹೊಯ್ದುಕೊಂಡು, ಗೆಳೆತನದ ಹೆಸರು ಹೇಳಿ ಬೇಡಿಕೊಳ್ಳುವ ಆ ಮುಖ ಅಂದಿಗೆ ಅಷ್ಟೇನೂ ಪರಿಚಿತನಲ್ಲದ ಮೈಕಲ್ ಬಿ. ಜೋರ್ಡನ್‌ನದು.

ಡಿಏಂಜೆಲೊ ಜೈಲಿಗೆ ಹೋಗುತ್ತಾನೆ. ಎಲ್ಲವನ್ನೂ ಹೇಳಿ ಹೊಸ ಬದುಕು ಬೇಡಲು ಸಿದ್ಧನಾಗಿದ್ದಾಗ ತಾಯಿ ಬರುತ್ತಾಳೆ. ಕುಟುಂಬವೇ ನಮಗಿರುವುದು, ಹೊರೆ ಹೊತ್ತುಕೋ ಮಗನೇ ಎನ್ನುತ್ತಾಳೆ. ಅವನು 20 ವರ್ಷದ ಶಿಕ್ಷೆ ಹೊತ್ತುಕೊಳ್ಳುತ್ತಾನೆ. ಆ ಕುಟುಂಬದ ಮಂತ್ರಿ ಸ್ಟ್ರಿಂಗರ್ ಬೆಲ್‌ಗೆ ಅಷ್ಟೂ ನಂಬಿಕೆ ಸಾಲುವುದಿಲ್ಲ. ಜೈಲಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ಡಿಏಂಜೆಲೊನ ಕುತ್ತಿಗೆಗೆ ಬೆಲ್ಟು ಬೀಳುತ್ತದೆ. ಆತ್ಮಹತ್ಯೆ ಎಂದು ಬರೆದುಕೊಳ್ಳಲಾಗುತ್ತದೆ.

ನಿಯತ್ತು ಮತ್ತು ಭ್ರಷ್ಟತೆ ಎದುರುಬದುರು ನಿಂತ ಎರಡು ಪಕ್ಷಗಳೆಂದು ನಾವು ನಂಬಿಕೊಂಡಿರುತ್ತೇವೆ. ಈ ಧಾರಾವಾಹಿ ನೋಡುತ್ತ ಹೋದಂತೆ ಆ ನಂಬಿಕೆ ಕಳಚುತ್ತದೆ. ಇಲ್ಲಿ ಭ್ರಷ್ಟತೆ ನಡೆಯುವುದೇ ನಿಯತ್ತಿನ ಬಲದ ಮೇಲೆ. ಗ್ಯಾಂಗಾಗಲಿ, ಇಲಾಖೆಯಾಗಲಿ, ಸಂಘವಾಗಲಿ, ಪಕ್ಷವಾಗಲಿ, ಕೆಳಗಿನವನಿಂದ ನಿಯತ್ತು ಕೇಳುತ್ತದೆ. ಹಿಂದಕ್ಕೆ ಕೊಡಬೇಕಾದಾಗ ಕೈ ಮುಚ್ಚುತ್ತದೆ. ಗ್ರೀಕ್ ದುರಂತ ನಾಟಕಗಳಲ್ಲಿ ದೇವತೆಗಳಿದ್ದ ಜಾಗದಲ್ಲಿ ತಾನು ಸಂಸ್ಥೆಗಳನ್ನು ಇರಿಸಿದ್ದೇನೆ ಎಂದು ಸೈಮನ್ ಸಂದರ್ಶನಗಳಲ್ಲಿ ಹೇಳಿದ್ದುಂಟು. ಮನುಷ್ಯ ಎಷ್ಟೇ ಸೆಣಸಿದರೂ ಮೇಲಿನಿಂದ ಸಿಡಿಲು ಬೀಳುತ್ತದೆ.

ಎರಡನೆಯ ಸೀಸನ್ ಬಂದರಿಗೆ ಹೋಗುತ್ತದೆ. ಬಹಳ ಜನ ಇದನ್ನು ದಾಟಿಬಿಡುತ್ತಾರೆ, ತಪ್ಪು. ಬೂದು ನೀರು, ಕೊರೆಯುವ ಗಾಳಿ, ಆಕಾಶಕ್ಕೆ ಕತ್ತು ಚಾಚಿದ ಕ್ರೇನುಗಳು, ಬೆಳಗಿನ ಎಂಟಕ್ಕೇ ಬಿಯರ್ ಹಿಡಿದ ಹಮಾಲರು. ಹಡಗು ಕಡಿಮೆ, ಕೈಗಳು ಹೆಚ್ಚು. ಕಾರ್ಮಿಕ ಸಂಘದ ನಾಯಕ ಫ್ರ್ಯಾಂಕ್ ಸೊಬೊಟ್ಕಾ ಕಳ್ಳಸಾಗಣೆಯ ಕಂಟೇನರ್‌ಗಳು ಲೆಕ್ಕಕ್ಕೆ ಸಿಗದಂತೆ ಹೊರಹೋಗಲು ಬಿಟ್ಟು ದುಡ್ಡು ಪಡೆಯುತ್ತಾನೆ. ಆ ದುಡ್ಡಿನಿಂದ ಅವನು ಮನೆ ಕಟ್ಟಿಸಿಕೊಳ್ಳುವುದಿಲ್ಲ. ಕಾಲುವೆಯ ಹೂಳೆತ್ತಿಸಿ, ಧಾನ್ಯದ ಹಡಗುಕಟ್ಟೆಗೆ ಜೀವ ಕೊಡಿಸಲು ರಾಜಕಾರಣಿಗಳ ಜೇಬು ತುಂಬುತ್ತಾನೆ, ಸಂಘದ ಹುಡುಗರಿಗೆ ಇನ್ನಷ್ಟು ದಿನದ ಕೂಲಿ ಸಿಗಲೆಂದು. ಒಂದು ಕಂಟೇನರ್ ತೆರೆದಾಗ ಒಳಗೆ 13 ಹೆಣ್ಣುಮಕ್ಕಳ ಹೆಣ. ಗಾಳಿಯ ಕೊಳವೆ ಮುಚ್ಚಿಹೋಗಿತ್ತು. ಒಳಗೇನಿದೆ ಎಂದು ಕೇಳದೆ ಇದ್ದದ್ದೇ ಫ್ರ್ಯಾಂಕ್‌ನ ಪಾಪ. ಎಲ್ಲ ಒಪ್ಪಿಕೊಳ್ಳಲು ಅವನು ಮನಸ್ಸು ಮಾಡಿದ ಹೊತ್ತಿಗೆ ಎಫ್‌ಬಿಐನ ಒಬ್ಬ ಅಧಿಕಾರಿಯೇ ಸುದ್ದಿಯನ್ನು ಕಳ್ಳಸಾಗಣೆದಾರನಿಗೆ ಮುಟ್ಟಿಸುತ್ತಾನೆ. ಆ ಕಳ್ಳ ಇನ್ನಾವುದೋ ದೊಡ್ಡ ತನಿಖೆಗೆ ಉಪಯೋಗದ ಮನುಷ್ಯ. ಮಗನನ್ನು ಉಳಿಸಿಕೊಳ್ಳುವ ಆಸೆಯಿಂದ ಫ್ರ್ಯಾಂಕ್ ಸೇತುವೆಯ ಕೆಳಗೆ ಒಬ್ಬನೇ ನಡೆದು ಹೋಗುತ್ತಾನೆ. ಮರುದಿನ ನೀರಿನಿಂದ ಎತ್ತುತ್ತಾರೆ. ಧಾನ್ಯದ ಕಟ್ಟೆಯ ಜಾಗದಲ್ಲಿ ಉಳ್ಳವರ ಅಪಾರ್ಟ್‌ಮೆಂಟ್ ಏಳುತ್ತದೆ.

ಮೂರನೆಯ ಸೀಸನ್ನಿನ ಒಂದು ರಾತ್ರಿ ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ಶಿಖರ. ಏವನ್‌ನ ಎತ್ತರದ ಮನೆ, ಹೊರಗೆ ಬಾಲ್ಕನಿ, ಕೆಳಗೆ ಬಂದರಿನ ದೀಪಗಳು ನೀರಲ್ಲಿ ಕದಡುತ್ತಿವೆ. ಕೈಯಲ್ಲಿ ಗ್ಲಾಸು ಹಿಡಿದು ಏವನ್ ಮತ್ತು ಸ್ಟ್ರಿಂಗರ್ ಬಾಲ್ಯದ ಮಾತಾಡುತ್ತಾರೆ. ಆಡಲು ಅಂಗಳವೇ ಇಲ್ಲದ ಹುಡುಗರು ಬ್ಯಾಡ್ಮಿಂಟನ್ ಸಾಮಾನು ಕದ್ದ ಕತೆ ನೆನೆದು ನಗುತ್ತಾರೆ. ಅಪ್ಪಿಕೊಳ್ಳುತ್ತಾರೆ. ಸ್ಟ್ರಿಂಗರ್ ಅಷ್ಟರಲ್ಲಿ ಏವನ್‌ನ ಅಡಗುತಾಣದ ವಿಳಾಸವನ್ನು ಪೊಲೀಸ್ ಅಧಿಕಾರಿಗೆ ಕೊಟ್ಟಾಗಿದೆ. ಸ್ಟ್ರಿಂಗರ್‌ನನ್ನು ಕೊಲೆಗಾರರಿಗೆ ಬಿಟ್ಟುಕೊಡಲು ಏವನ್ ಒಪ್ಪಿಯಾಗಿದೆ. ಇಬ್ಬರಿಗೂ ತನ್ನ ದ್ರೋಹ ಗೊತ್ತು, ಎದುರಿನವನದು ಗೊತ್ತಿಲ್ಲ. ಇಬ್ಬರ ಪ್ರೀತಿಯೂ ಸುಳ್ಳಲ್ಲ. ಇಡ್ರಿಸ್ ಎಲ್ಬಾ, ವುಡ್ ಹ್ಯಾರಿಸ್ ದನಿ ಎತ್ತದೆ ಇದನ್ನು ಆಡಿದ್ದಾರೆ. ಈ ಕಂತು ಬರೆದ ಜಾರ್ಜ್ ಪೆಲೆಕಾನೋಸ್ ಮತ್ತು ಸೈಮನ್ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು, ಗೆಲ್ಲಲಿಲ್ಲ. ಐದು ಸೀಸನ್ನಿಗೂ ಸೇರಿ ‘ದ ವೈರ್’ಗೆ ಎಮ್ಮಿ ನಾಮನಿರ್ದೇಶನ ಸಿಕ್ಕದ್ದು ಎರಡೇ, ಪ್ರಶಸ್ತಿ ಒಂದೂ ಇಲ್ಲ.

ಅದೇ ಸೀಸನ್ನಿನಲ್ಲಿ ಮೇಜರ್ ಕಾಲ್ವಿನ್ ಮೂರು ಪಾಳು ಬೀದಿಗಳನ್ನು ಗುರುತಿಸಿ, ಇಲ್ಲಿ ಮಾರಿಕೊಳ್ಳಿ, ಉಳಿದ ಬೀದಿ ಬಿಡಿ ಎಂದು ಗುಟ್ಟಾಗಿ ಒಪ್ಪಂದ ಮಾಡುತ್ತಾನೆ. ಉಳಿದ ಕಡೆ ಮುದುಕಿಯರು ಮತ್ತೆ ಮೆಟ್ಟಿಲ ಮೇಲೆ ಕೂರುವಂತಾಗುತ್ತದೆ. ಆ ಮೂರು ಬೀದಿಗಳು ರಾತ್ರಿಯ ಹೊತ್ತು ನರಕವಾಗುತ್ತವೆ. ಎರಡನ್ನೂ ಕ್ಯಾಮೆರಾ ಮುಚ್ಚಿಡದೆ ತೋರಿಸುತ್ತದೆ. ಕಾಲ್ವಿನ್‌ನ ದರ್ಜೆ ಕಿತ್ತು ಮನೆಗೆ ಕಳಿಸುತ್ತಾರೆ. ಮಾದಕದ್ರವ್ಯದ ನಿಷೇಧವನ್ನೇ ಮರುಚಿಂತಿಸಬೇಕೆಂದು 1988ರಲ್ಲಿ ಬಾಲ್ಟಿಮೋರಿನ ಮೇಯರ್ ಆಗಿದ್ದ ಕರ್ಟ್ ಶ್ಮೋಕ್ ನಿಜವಾಗಿಯೂ ಹೇಳಿ ಟೀಕೆಗೆ ಗುರಿಯಾಗಿದ್ದರು. ಅವರೇ ಈ ಸೀಸನ್ನಿನಲ್ಲಿ ಆರೋಗ್ಯಾಧಿಕಾರಿಯಾಗಿ ಒಂದೆರಡು ಗಳಿಗೆ ಕಾಣಿಸಿಕೊಳ್ಳುತ್ತಾರೆ.

ನಾಲ್ಕನೆಯದು ಶಾಲೆ. ಪೊಲೀಸ್ ಕೆಲಸ ಬಿಟ್ಟ ಪ್ರೆಜ್ ಇಲ್ಲಿ ಗಣಿತದ ಮೇಷ್ಟ್ರು. ಪಠ್ಯಕ್ಕೆ ತಲೆ ಎತ್ತದ ಮಕ್ಕಳು ದಾಳ ಕೊಟ್ಟಾಗ ಸಂಭವನೀಯತೆಯ ಲೆಕ್ಕ ಮಾಡುತ್ತಾರೆ. ಅಷ್ಟರಲ್ಲಿ ಪರೀಕ್ಷೆಯ ಅಂಕ ಏರಿಸಲು ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿಸಿ ಎಂದು ಮೇಲಿನಿಂದ ಆಜ್ಞೆ. ಠಾಣೆಯಲ್ಲಿ ಅಪರಾಧದ ಅಂಕಿ ತಿದ್ದುವುದನ್ನು ಕಂಡಿದ್ದ ಅವನಿಗೆ ಇದು ಹೊಸದಲ್ಲ. ತರಗತಿಯ ರ‍್ಯಾಂಡಿ ಮಿಠಾಯಿ ಮಾರಿ ಕಾಸು ಕೂಡಿಸುವ ಚುರುಕು ಹುಡುಗ. ಒಂದು ಕೊಲೆಯ ವಿಷಯ ಪೊಲೀಸರಿಗೆ ಹೇಳುತ್ತಾನೆ. ಒಬ್ಬ ಪೊಲೀಸನ ಬೇಜವಾಬ್ದಾರಿಯಿಂದ ಅವನ ಹೆಸರು ಬೀದಿಗೆ ಬೀಳುತ್ತದೆ. ಸಾಕುತಾಯಿಯ ಮನೆಗೆ ಬೆಂಕಿ ಹಚ್ಚುತ್ತಾರೆ. ಸಾರ್ಜೆಂಟ್ ಕಾರ್ವರ್ ಅವನನ್ನು ತಾನೇ ಸಾಕುತ್ತೇನೆಂದು ಕಚೇರಿ ಕಚೇರಿ ಅಲೆದರೂ ಆಗುವುದಿಲ್ಲ. ಬಾಲಮಂದಿರದಲ್ಲಿ ರ‍್ಯಾಂಡಿಯನ್ನು ಬಿಟ್ಟು ಬಂದು, ಕಾರಿನೊಳಗೆ ಒಬ್ಬನೇ ಕೂತು ಸ್ಟಿಯರಿಂಗನ್ನು ಗುದ್ದುತ್ತಾನೆ. ಮೊದಲ ಸೀಸನ್ನಿನಲ್ಲಿ ಬಡ್ತಿಯ ಆಸೆಗೆ ತನ್ನ ತಂಡದ ಗುಟ್ಟುಗಳನ್ನು ಮೇಲಧಿಕಾರಿಗೆ ಮುಟ್ಟಿಸುತ್ತಿದ್ದವನು ಇದೇ ಕಾರ್ವರ್.

ಬೋಡಿಗೆ ಈಗ ಒಂದು ಮೂಲೆ ಉಳಿದಿದೆ, ಅಷ್ಟೆ. ಹಳೆಯ ಗ್ಯಾಂಗ್ ಮಣ್ಣಾಯಿತು, ಹೊಸ ದೊರೆ ಮಾರ್ಲೊ ತನ್ನವರನ್ನೇ ಅನುಮಾನಕ್ಕೆ ಕೊಂದು ಪಾಳು ಮನೆಗಳಲ್ಲಿ ಬಚ್ಚಿಡುತ್ತಿದ್ದಾನೆ. ಒಂದು ಮಧ್ಯಾಹ್ನ ಉದ್ಯಾನದ ಬೆಂಚಿನ ಮೇಲೆ ಮೆಕ್‌ನಲ್ಟಿಯ ಪಕ್ಕ ಕೂತು ಊಟ ಮಾಡುತ್ತ ಬೋಡಿ ಮನಸ್ಸು ಬಿಚ್ಚುತ್ತಾನೆ. ಹದಿಮೂರಕ್ಕೇ ಬೀದಿಗಿಳಿದೆ, ಒಂದು ಪೈಸೆ ಕದಿಯಲಿಲ್ಲ, ಹೇಳಿದ್ದನ್ನೆಲ್ಲ ಮಾಡಿದೆ, ನನ್ನ ಕಷ್ಟಕ್ಕೆ ಯಾರಿದ್ದಾರೆ ಎನ್ನುವುದು ಅವನ ಮಾತಿನ ಸಾರ. ಆ ಚದುರಂಗದ ಪುಟ್ಟ ಕಾಯಿಗಳ ಗತಿಯೇ ತನ್ನದು ಎನ್ನುತ್ತಾನೆ. ಮೆಕ್‌ನಲ್ಟಿ ಅವನನ್ನು ಮೆಚ್ಚಿ ಮಾತಾಡುತ್ತಾನೆ, ನಾವೂ ಮೆಚ್ಚುತ್ತೇವೆ; ವಾಲೆಸ್‌ನನ್ನು ಕೊಂದ ಕೈ ಇದೇ ಎಂಬುದು ಮರೆತಿಲ್ಲದಿದ್ದರೂ. ಅವನು ಪೊಲೀಸನ ಕಾರು ಹತ್ತಿದ್ದನ್ನು ಯಾರೋ ನೋಡಿದ್ದಾರೆ. ರಾತ್ರಿ ಕೊಲ್ಲುವವರು ಬಂದಾಗ ಓಡು ಎಂದು ಪೂಟ್ ಎಳೆಯುತ್ತಾನೆ. ಬೋಡಿ ಓಡುವುದಿಲ್ಲ. ತನ್ನ ಮೂಲೆಯಲ್ಲಿ ನಿಂತು ಎದುರಿನವರತ್ತ ಗುಂಡು ಹಾರಿಸುತ್ತಾನೆ. ಸಾವು ಬರುವುದು ಬೆನ್ನ ಹಿಂದಿನಿಂದ.

ಐದನೆಯ ಸೀಸನ್ ಪತ್ರಿಕಾ ಕಚೇರಿಯದು. ತನಿಖೆಗೆ ಹಣ ಬರಲೆಂದು ಮೆಕ್‌ನಲ್ಟಿ ಇಲ್ಲದ ಸರಣಿ ಹಂತಕನನ್ನು ಸೃಷ್ಟಿಸುವ ಕತೆ ನನಗೆ ಒಪ್ಪಿಗೆಯಾಗಲಿಲ್ಲ. ಉಳಿದ ನಾಲ್ಕರ ಸಹಜತೆ ಇಲ್ಲಿ ಸಡಿಲಾಗಿದೆ. ಮಾದಕವ್ಯಸನಿ ಬಾತ್ಮೀದಾರ ಬಬಲ್ಸ್ ಬಹುಕಾಲ ನೆಲಮಾಳಿಗೆಯಲ್ಲಿ ಬಿದ್ದಿದ್ದು, ಕೊನೆಗೆ ಅಕ್ಕನ ಅಡುಗೆಮನೆಯ ಮೇಜಿಗೆ ಹತ್ತಿ ಬರುವ ಒಂದು ದೃಶ್ಯಕ್ಕಾಗಿ ಅದನ್ನೂ ಕ್ಷಮಿಸಿದ್ದೇನೆ.

ಇದೆಲ್ಲ ಅತಿರೇಕವೆಂದು ಅನಿಸಿದರೆ ಆ ಊರಿನ ನಿಜ ದಾಖಲೆ ಇದೆ. ಬಡವರಿಗೆ ಹಂಚಬೇಕಾದ ಉಡುಗೊರೆ ಕಾರ್ಡುಗಳ ಪ್ರಕರಣದಲ್ಲಿ ತಪ್ಪಿತಸ್ಥರಾಗಿ ಮೇಯರ್ ಶೀಲಾ ಡಿಕ್ಸನ್ 2010ರಲ್ಲಿ ಕುರ್ಚಿ ಬಿಟ್ಟರು. ಮಕ್ಕಳ ಪುಸ್ತಕ ಮಾರಾಟದ ಹೆಸರಿನ ವಂಚನೆಗೆ ಮೇಯರ್ ಕ್ಯಾಥರೀನ್ ಪ್ಯೂಗೆ 2020ರಲ್ಲಿ ಮೂರು ವರ್ಷದ ಜೈಲಾಯಿತು. ಬಂದೂಕು ಪತ್ತೆಗೆಂದೇ ಕಟ್ಟಿದ ಪೊಲೀಸ್ ತಂಡವೊಂದು ನಾಗರಿಕರನ್ನು ದೋಚುತ್ತಿದ್ದದ್ದು 2017ರಲ್ಲಿ ಬಯಲಾಗಿ, ಅದರ ಸಾರ್ಜೆಂಟ್‌ಗೆ 25 ವರ್ಷ ಶಿಕ್ಷೆ ಬಿತ್ತು. ಆ ಪ್ರಕರಣವನ್ನೇ ಹಿಡಿದು ಸೈಮನ್ ಮತ್ತು ಪೆಲೆಕಾನೋಸ್ 2022ರಲ್ಲಿ ‘ವಿ ಓನ್ ದಿಸ್ ಸಿಟಿ’ ಎಂಬ ಆರು ಕಂತಿನ ಧಾರಾವಾಹಿ ಮಾಡಿದರು.

ನೋಡಲು ಕೂರುವವರಿಗೆ ಒಂದು ಮಾತು. ಇಲ್ಲಿ ಭಾವನೆ ಎಬ್ಬಿಸುವ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ, ಹಿಂದಿನ ಕತೆ ನೆನಪಿಸುವವರಿಲ್ಲ, ಬೀದಿಯ ಇಂಗ್ಲಿಷ್ ಕಿವಿಗೆ ಬೇಗ ಹಿಡಿಯುವುದಿಲ್ಲ. ಅಡಿಬರಹ ಹಾಕಿಕೊಳ್ಳಿ, ದಿನಕ್ಕೊಂದು ಕಂತು ಸಾಕು, ಮೊದಲ ನಾಲ್ಕು ಕಂತು ಮುಗಿಯುವ ತನಕ ಕೈಬಿಡಬೇಡಿ. ಬಂದರಿನ ಸೀಸನ್ನನ್ನು ದಾಟಿ ಹೋಗಬೇಡಿ. ಶಾಲೆಯ ಸೀಸನ್ನನ್ನು, ಸಾಧ್ಯವಾದರೆ, ಮೇಷ್ಟ್ರಾಗಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.